ಬಾಗಿಲಿಲ್ಲದ ರಾಜ್ಯದ ಬಗ್ಗೆ ನಾನು ಬರೆದ ವರದಿ

ಆ ಸೋಮವಾರ ಮಧುಗಿರಿಯ ನಮ್ಮ ಕಚೇರಿಗೆ ಬಂದ ಅರ್ಜಿಯ ಜೊತೆ ಒಂದು ಸಣ್ಣ ಪುಸ್ತಕವನ್ನು ದಾರದಲ್ಲಿ ಬಿಗಿದು ಕಟ್ಟಿದ್ದರು. ಅರ್ಜಿ ಹಾಕಿದವರು ಊರಿನ ಗಣ್ಯರಲ್ಲೊಬ್ಬರು. ಅವರ ದೂರು ಎರಡು. ಈ ಪುಸ್ತಕ ಸರ್ಕಾರವನ್ನು ಹೀಯಾಳಿಸುತ್ತದೆ ಎಂಬುದು ಮೊದಲನೆಯದು. ಊರೂರು ತಿರುಗುವ ಡೇರೆ ಸಿನಿಮಾದವರು ತೋರಿಸುತ್ತಿರುವ ಒಂದು ಮೂಕಿ ಚಿತ್ರವೂ ಅದನ್ನೇ ಮಾಡುತ್ತದೆ ಎಂಬುದು ಎರಡನೆಯದು. ಎರಡರಲ್ಲೂ ಮುಂದೆಂದೋ ಬರುವ ಒಂದು ರಾಜ್ಯದ ಕಥೆಯಿದೆ, ಎರಡರಲ್ಲೂ ಜನ ನರಳುತ್ತಾರೆ, ಎರಡರಲ್ಲೂ ಆಳುವವನು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಎರಡೂ ಒಂದೇ ಕೈಯ ಕೆಲಸವಿರಬೇಕು ಎಂದು ಅವರು ಬರೆದಿದ್ದರು.

ಸಾಹೇಬರು ನನ್ನನ್ನು ಕರೆಸಿದರು. ಕನ್ನಡ, ತೆಲುಗು, ಸ್ವಲ್ಪ ಉರ್ದು, ಅಗತ್ಯಕ್ಕೆ ಬೇಕಾದಷ್ಟು ಇಂಗ್ಲಿಷು ಬಲ್ಲ ಗುಮಾಸ್ತ ಅಲ್ಲಿ ನಾನೊಬ್ಬನೇ. ಜನರ ಬಾಯಿಮಾತನ್ನು ಬರೆದುಕೊಳ್ಳುವುದು, ತರ್ಜುಮೆ ಮಾಡುವುದು ನನ್ನ ಕೆಲಸವಾಗಿತ್ತು.

"ಎರಡನ್ನೂ ನೋಡಿ ವರದಿ ಕೊಡಿ," ಎಂದರು. "ಎರಡೂ ಒಂದೇ ಕಥೆಯೋ? ಯಾವ ಸರ್ಕಾರವನ್ನು ಕುರಿತು ಹೇಳಿದ್ದು? ಪುಸ್ತಕ ಬರೆದವನು ಯಾರು? ಇಷ್ಟು ತಿಳಿದರೆ ಸಾಕು."

"ಕಥೆ ಮುಂದಿನ ಕಾಲದ್ದಂತೆ, ಸ್ವಾಮಿ. ಇನ್ನೂ ಹುಟ್ಟದ ಸರ್ಕಾರ."

"ಇನ್ನೂ ಹುಟ್ಟದ ಸರ್ಕಾರದ ಮೇಲೆ ಈಗಲೇ ಯಾರಿಗಾದರೂ ಸಿಟ್ಟು ಬರುತ್ತದೇನ್ರೀ? ಓದಿ ಬರೆಯಿರಿ."

ನಾನು ಕಾಗದದ ಮೇಲೆ ಉದ್ದುದ್ದ ಗೆರೆ ಹಾಕಿ ಮೂರು ಕಲಮು ಮಾಡಿಕೊಂಡೆ. ಮೊದಲನೆಯದರಲ್ಲಿ ಪುಟ, ಎರಡನೆಯದರಲ್ಲಿ ಅಲ್ಲಿ ಹೇಳಿರುವ ಸಂಗತಿ, ಮೂರನೆಯದರಲ್ಲಿ ಅದು ಯಾರನ್ನು ಕುರಿತದ್ದು ಎಂಬುದು. ಜಮೀನಿನ ತಕರಾರುಗಳ ಹೇಳಿಕೆಗಳನ್ನು ಹೀಗೆಯೇ ಬಿಡಿಸಿ ರೂಢಿಯಾಗಿತ್ತು. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ.

ಪುಸ್ತಕದ ಮೇಲೆ ಕರ್ತೃವಿನ ಹೆಸರಿನ ಜಾಗದಲ್ಲಿ ‘ಒಬ್ಬ ಗ್ರಾಮಸ್ಥ’ ಎಂದಷ್ಟೇ ಇತ್ತು. ಕಥೆ ಒಂದು ಹೆಸರಿಲ್ಲದ ರಾಜ್ಯದ್ದು. ಪ್ರಾಮಾಣಿಕರಿಗೆ ಬಾಗಿಲಿನ ಅಗತ್ಯವಿಲ್ಲವಾದ್ದರಿಂದ ಇನ್ನು ಮುಂದೆ ಯಾವ ಮನೆಗೂ ಬಾಗಿಲಿರಕೂಡದು ಎಂದು ಅಲ್ಲಿನ ಸರ್ಕಾರ ಕಾನೂನು ಮಾಡುತ್ತದೆ. ಮೊದಲು ಸಾಹುಕಾರರ ಬಾಗಿಲು ಕೀಳುತ್ತಾರೆ. ಬಡವರು ತಮಟೆ ಬಡಿದು ಕುಣಿಯುತ್ತಾರೆ. ಆಮೇಲೆ ಬಡವರ ಬಾಗಿಲು ಹೋಗುತ್ತದೆ. ಊರಿನ ಬಡಗಿ ಮೊದಲು ಅಳುತ್ತಾನೆ; ಕಿತ್ತ ಬಾಗಿಲುಗಳಲ್ಲಿ ಚಾವಡಿಗೆ ಬೆಂಚು ಮಾಡುವ ಕೆಲಸ ಸಿಕ್ಕ ಮೇಲೆ ಸುಮ್ಮನಾಗುತ್ತಾನೆ. ಕಳ್ಳತನ ನಿಜಕ್ಕೂ ಕಡಿಮೆಯಾಗುತ್ತದೆ. ಹೆಂಡತಿಗೆ ಹೊಡೆಯುವ ಗಂಡಂದಿರು ಕೈ ಕಟ್ಟಿಕೊಳ್ಳುತ್ತಾರೆ. ಜನ ಕ್ರಮೇಣ ಪಿಸುಮಾತನ್ನು ಮರೆಯುತ್ತಾರೆ. ಕೊನೆಯ ಅಧ್ಯಾಯದಲ್ಲಿ ಬಾಗಿಲಿದ್ದ ಜಾಗಕ್ಕೆ ಕಂಬಳಿ ಇಳಿಬಿಟ್ಟ ಬಾಣಂತಿಯೊಬ್ಬಳನ್ನು ಊರವರೇ ಚಾವಡಿಗೆ ಎಳೆದು ತರುತ್ತಾರೆ. ಅಷ್ಟರಲ್ಲಿ ಸರ್ಕಾರಕ್ಕೆ ಅಂಥ ಕಾನೂನೊಂದು ಇದ್ದದ್ದೇ ಮರೆತಿರುತ್ತದೆ.

ಮೊದಲ ಸಲ ಓದಿದಾಗ ನಕ್ಕೆ. ಎರಡನೆಯ ಸಲ ನಗು ಬರಲಿಲ್ಲ. ಮೂರನೆಯ ಕಲಮಿನಲ್ಲಿ ‘ಸರ್ಕಾರ’ ಎಂದು ಬರೆದೆ. ಆದರೆ ಅಲ್ಲಿನ ಸರ್ಕಾರ ಯಾರನ್ನೂ ಹೊಡೆಯುವುದಿಲ್ಲ, ಬಯ್ಯುವುದೂ ಇಲ್ಲ. ಬರೆದದ್ದರ ಮೇಲೆ ಗೀಟೆಳೆದು ‘ಸಾಹುಕಾರರು’ ಎಂದೆ. ಅದನ್ನೂ ಹೊಡೆದು ‘ಊರಿನವರು’ ಎಂದೆ. ಪುಸ್ತಕದಲ್ಲಿ ಕಾನೂನಿನ ಪ್ರತಿಗಳನ್ನು ಚೆನ್ನಾದ ಅಕ್ಷರದಲ್ಲಿ ತೆಗೆಯುವ ಒಬ್ಬ ಗುಮಾಸ್ತನೂ ಇದ್ದ. ಅವನ ಪುಟ ಬಂದಾಗ ಮೂರನೆಯ ಕಲಮಿನಲ್ಲಿ ಏನೂ ಬರೆಯದೆ ಮುಂದೆ ಹೋದೆ.

ಅಚ್ಚು ಹಾಕಿದ ಮುದ್ರಣಾಲಯಕ್ಕೆ ಕಾಗದ ಬರೆದೆ. ಹಸ್ತಪ್ರತಿ ಅಂಚೆಯಲ್ಲಿ ಬಂತು, ಕರ್ತೃವಿನ ಗುರುತು ನಮಗಿಲ್ಲ, ಲಕೋಟೆಯ ಮೇಲೆ ಕೊರಟಗೆರೆಯ ಮುದ್ರೆಯಿತ್ತು ಎಂದು ಉತ್ತರ ಬಂತು.

ಅದೇ ವಾರ ಚಿತ್ರವನ್ನು ಸಾಹೇಬರಿಗೆ ತೋರಿಸುವ ಏರ್ಪಾಡಾಯಿತು. ಅವರು ಸಂಜೆ ಜನರ ನಡುವೆ ಡೇರೆಯಲ್ಲಿ ಕೂರುವಂತಿರಲಿಲ್ಲ. ಹಾಗಾಗಿ ಕಡಲೆಕಾಯಿ ತುಂಬುವ ಒಂದು ಉಗ್ರಾಣ ಖಾಲಿ ಮಾಡಿಸಿ, ಕಿಟಕಿಗಳಿಗೆಲ್ಲ ಕರಿ ಕಂಬಳಿ ಹೊಡೆಸಿ, ಹಾಡುಹಗಲಲ್ಲೇ ಕತ್ತಲೆ ಮಾಡಿಸಿದೆ. ಡೇರೆಯ ಮಾಲೀಕರು ಸಿರಾದ ಸಾಬರು, ಯಂತ್ರದ ಹಿಡಿಯನ್ನು ತಾವೇ ತಿರುಗಿಸುವವರು. ಬೆಂಗಳೂರಿಗೆ ಆಗಲೇ ಮಾತಾಡುವ ಚಿತ್ರ ಬಂದಿದೆಯೆಂದು ಕೇಳಿದ್ದೆವು. ನಮ್ಮ ಕಡೆ ಇನ್ನೂ ಮೂಕಿಯೇ. ಪರದೆಯ ಪಕ್ಕ ನಿಂತು ಕಥೆ ಹೇಳಲು ಒಬ್ಬ ಬೇಕಾಗಿತ್ತು. ಸಾಬರ ಬಳಿ ಇದ್ದವನು ಪಾವಗಡದ ಕಡೆಯ, ಹಿಂದೆ ಬಯಲಾಟದಲ್ಲಿ ರಾಜವೇಷ ಕಟ್ಟುತ್ತಿದ್ದ ನಡುವಯಸ್ಸಿನ ಆಳು. ಓದು ಬರಹ ಬಾರದು. ಕಂಠ ಮಾತ್ರ ಉಗ್ರಾಣದ ಹೆಂಚಿಗೆ ತಾಗುವಂಥದು.

ಚಿತ್ರ ಎಲ್ಲಿಯದೋ, ಪರದೇಶದ್ದು. ನಡುವೆ ಬರುವ ಬರಹ ಯಾವ ಭಾಷೆಯದೆಂದು ನನಗೂ ತಿಳಿಯಲಿಲ್ಲ. ಎಂಟು ಸುರುಳಿಯಲ್ಲಿ ಐದು ಮಾತ್ರ ಸಾಬರ ಕೈಗೆ ಬಂದಿದ್ದವು. ಎತ್ತರದ ಗೋಡೆಯ ಒಂದು ಪಟ್ಟಣ, ಅದಕ್ಕೊಂದೇ ಮಹಾದ್ವಾರ. ಜನ ಸಾಲಾಗಿ ಬಂದು, ಕೈಯಲ್ಲಿದ್ದದ್ದನ್ನು ದ್ವಾರದಲ್ಲಿ ಒಪ್ಪಿಸಿ ಒಳಗೆ ಹೋಗಬೇಕು. ಒಬ್ಬ ಟೋಪಿ ಕೊಡುತ್ತಾನೆ, ಮುದುಕ ಊರುಗೋಲು ಕೊಡುತ್ತಾನೆ, ಒಂದು ಮಗು ಗೊಂಬೆ ಕೊಡುತ್ತದೆ. ಒಳಗೆ ಮೆಟ್ಟಿಲುಗಳ ಮೇಲೆ ಭಾರಿ ಕುರ್ಚಿ. ಅದರಲ್ಲಿ ಯಾರೂ ಇಲ್ಲ. ಎಲ್ಲರೂ ಅದಕ್ಕೆ ಬಗ್ಗುತ್ತಾರೆ. ಮತ್ತೊಂದು ಸುರುಳಿಯಲ್ಲಿ ಪಟ್ಟಣಕ್ಕೆ ಬೆಂಕಿ. ಕೊನೆಗೆ ಒಬ್ಬ ಹುಡುಗಿ ಮೆಟ್ಟಿಲೇರಿ ಆ ಕುರ್ಚಿಯ ಮುಂದೆ ನಿಲ್ಲುತ್ತಾಳೆ. ಅವಳು ಕೂತಳೋ, ಅದನ್ನು ಉರುಳಿಸಿದಳೋ, ಬಗ್ಗಿದಳೋ ಎಂಬುದು ನಮಗೆ ಸಿಗದ ಸುರುಳಿಯಲ್ಲಿದೆ.

ಸಾಹೇಬರ ಎದುರು ಕಥೆಗಾರ ಅದೆಲ್ಲವನ್ನೂ ಹಿರಣ್ಯಕಶಿಪುವಿನ ಕಥೆ ಮಾಡಿಬಿಟ್ಟ. ದ್ವಾರ ಅವನ ಕೋಟೆಯದಾಯಿತು, ಹುಡುಗಿ ಯಾರೋ ಭಕ್ತೆಯಾದಳು, ಸುರುಳಿ ಮುಗಿದ ಮೇಲೆ ಬರಿಯ ಬಿಳಿ ಪರದೆಯಿಂದ ನರಸಿಂಹನೂ ಬಂದ. ಸಾಹೇಬರು ಎರಡನೆಯ ಸುರುಳಿಗೇ ತೂಕಡಿಸಿದ್ದರು. ಎದ್ದು, "ಇದರಲ್ಲೇನಿದೆ ರೀ, ಪುರಾಣ," ಎಂದರು. ಬಾಗಿಲ ತನಕ ಹೋದವರು ತಿರುಗಿ, "ಆದರೆ ನಾನಿಲ್ಲದಾಗ ಏನು ಹೇಳುತ್ತಾನೋ ನೋಡಿ. ಜನರ ನಡುವೆ ಕೂತು ಬರೆದುಕೊಂಡು ಬನ್ನಿ," ಎಂದರು.

ಡೇರೆ ಸಿರಾಕ್ಕೆ ಹೋಯಿತು. ನಾನೂ ಮೋಟಾರು ಬಸ್ಸಿನಲ್ಲಿ ಹಿಂದೆ ಹೋದೆ. ದೀಪ ಹಚ್ಚುವ ಹೊತ್ತಿಗೆ ಆಟ ಶುರು. ಪೇಟ ತೆಗೆದು, ತಲೆಗೊಂದು ಟವೆಲ್ಲು ಸುತ್ತಿ, ನೆಲದ ಮೇಲೆ ಕೂತು, ಉತ್ತರೀಯದ ಮರೆಯಲ್ಲಿ ಪೆನ್ಸಿಲು ಹಿಡಿದೆ.

ಅಲ್ಲಿ ಹಿರಣ್ಯಕಶಿಪು ಬರಲೇ ಇಲ್ಲ. ಮಹಾದ್ವಾರ ಕಂಡ ಕೂಡಲೇ ಕಥೆಗಾರ, "ನೋಡಿ ಸ್ವಾಮಿ, ಸಂತೆ ಗೇಟು!" ಎಂದ. ಡೇರೆ ಪೂರ್ತಿ ನಕ್ಕಿತು. ಮಗು ಗೊಂಬೆ ಕೊಡುವಾಗ ನನ್ನ ಪಕ್ಕದ ಹೆಂಗಸು ಗಟ್ಟಿಯಾಗಿ, "ಗೊಂಬೆನೂ ಬುಡಾಕಿಲ್ವಲ್ಲವ್ವಾ ಪಾಪಿಗಳು!" ಎಂದಳು. ಅವಳ ಹಿಂದಿದ್ದವಳು, "ಸುಂಕದೋನು ಇಂಗೇ ಕಣಮ್ಮ. ಹೋದ್ ಸಂತೇಲಿ ನನ್ ಕೋಳಿ ಕಿತ್ಕಂಬುಟ್ಟ," ಎಂದಳು. ಯಂತ್ರ ಒಂದೇ ಇದ್ದದ್ದರಿಂದ ಒಂದು ಸುರುಳಿ ಬಿಚ್ಚಿ ಇನ್ನೊಂದು ಏರಿಸುವವರೆಗೆ ಪರದೆ ಕಪ್ಪಾಗಿರುತ್ತಿತ್ತು. ಕಥೆಗಾರನ ನಿಜವಾದ ಮಾತೆಲ್ಲ ಆ ಕತ್ತಲಲ್ಲೇ ನಡೆಯುತ್ತಿತ್ತು. ಜನ ಕೇಳುವರು, ಅವನು ಹೇಳುವನು, ಅವರು ತಿದ್ದುವರು.

ಆ ದಿನ ಸಾಬರು ಅವಸರದಲ್ಲಿ ಸುರುಳಿ ಹಿಂದುಮುಂದು ಮಾಡಿದರು. ಬೆಂಕಿ ಬಿದ್ದು ಪಟ್ಟಣ ಉರಿದುಹೋದ ಮೇಲೆ, ಜನ ಪುನಃ ಅದೇ ದ್ವಾರದಲ್ಲಿ ಸಾಲು ನಿಂತರು. ಕಥೆಗಾರ ಒಂದು ಗಳಿಗೆಯೂ ತಡವರಿಸಲಿಲ್ಲ. "ನೋಡಿದ್ರಾ? ಸುಟ್ಟಾಕಿದ್ ಮ್ಯಾಲೂ ಇನ್ನೊಂದು ಗೇಟು ಕಟ್ಟವ್ರೆ!" ಎಂದ. ಜನ ಹೋ ಎಂದು ಕೂಗಿದರು. ನನಗೆ ದಿಗಿಲಾಯಿತು. ಸುರುಳಿ ಸರಿಯಾದ ಕ್ರಮದಲ್ಲಿದ್ದರೆ ಅದು ದಂಗೆಯ ಕಥೆ. ತಪ್ಪಾದರೆ, ದಂಗೆಯೆದ್ದೂ ಪ್ರಯೋಜನವಿಲ್ಲವೆಂಬ ಕಥೆ. ನಾನು ವರದಿ ಮಾಡಬೇಕಾದದ್ದು ಯಾವುದನ್ನು?

ಬೆಳಿಗ್ಗೆ ನೋಡಿದರೆ ಇನ್ನೊಂದು ಗ್ರಹಚಾರ. ಕತ್ತಲಲ್ಲಿ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಬರೆದುಬಿಟ್ಟಿದ್ದೆ. ಅರ್ಧಕ್ಕರ್ಧ ಓದಲು ಆಗಲಿಲ್ಲ. ನೆನಪಿನಿಂದ ತುಂಬಿಸಲು ಕೂತರೆ, ಕಥೆಗಾರ ಹೇಳಿದ್ದು ಯಾವುದು, ಜನ ಹೇಳಿದ್ದು ಯಾವುದು ಎಂದು ಬೇರ್ಪಡಿಸಲಾಗಲಿಲ್ಲ.

ಪಾವಗಡದ ಆಟಕ್ಕೆ ಮೊದಲೇ ಕಾಗದವನ್ನು ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಮಡಿಸಿಕೊಂಡೆ. ಒಂದು ಮಡಿಕೆಗೆ ಒಂದೇ ಸಾಲು; ಬೆರಳಿನಿಂದ ಮಡಿಕೆ ತಡವಿ ಬರೆದರೆ ಸಾಲು ಬೆರೆಯುವುದಿಲ್ಲ. ಉಪಾಯ ಚೆನ್ನಾಗಿಯೇ ನಡೆಯಿತು. ಕಥೆಗಾರ ಅಲ್ಲಿ ತನ್ನ ತೆಲುಗಿಗೆ ತಿರುಗಿದ್ದ. ಖಾಲಿ ಕುರ್ಚಿ ಪರದೆಯ ಮೇಲೆ ಬಂದಾಗ, "ಚೂಡಂಡಯ್ಯಾ, ಕುರ್ಚೀಲೋ ಎವರೂ ಲೇರು," ಎಂದ. ನೋಡಿರಯ್ಯಾ, ಕುರ್ಚಿಯಲ್ಲಿ ಯಾರೂ ಇಲ್ಲ ಎಂದು. ನಗು ಬರಬೇಕಾದ ಜಾಗ ಅದು.

ಆಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕ ಎದ್ದು ನಿಂತ. ಹೆಗಲ ಮೇಲಿನ ವಲ್ಲಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಪರದೆಯ ಕುರ್ಚಿಗೆ ಕೈ ಮುಗಿದ. ತಮಾಷೆಗಲ್ಲ. ಅಂಥ ಕುರ್ಚಿ ಕಂಡರೆ ಎದ್ದೇ ರೂಢಿಯಾದ ಮೈ ತಾನಾಗಿ ಎದ್ದಿತ್ತು. ಅವನ ಹಿಂದೆ ಇನ್ನಿಬ್ಬರು ಎದ್ದರು. ಯಾರೂ ನಗಲಿಲ್ಲ, ಕೂರಿ ಎಂದು ಕೂಗಲೂ ಇಲ್ಲ. ಕಥೆಗಾರನ ಬಾಯಿ ನಿಂತಿತು. ಆ ಸುರುಳಿ ಮುಗಿಯುವ ತನಕ ಯಂತ್ರದ ಟಕಟಕ ಸದ್ದೊಂದೇ ಕೇಳುತ್ತಿತ್ತು. ನನ್ನ ಕೈಯಲ್ಲಿ ಮಡಿಕೆಗಳು ಖಾಲಿ ಉಳಿದವು.

ಮರುದಿನ ಬೆಳಿಗ್ಗೆ ಡೇರೆಯ ಹತ್ತಿರದ ಹುಣಸೆಮರದ ಕೆಳಗೆ ಕಥೆಗಾರ ಹಲ್ಲುಜ್ಜುತ್ತಿದ್ದ. ನನ್ನನ್ನು ನೋಡಿ ನಕ್ಕ.

"ಬರ್ರಿ ಸಾಮೀ. ಸಿರಾದಾಗೂ ಇದ್ರಿ. ಟವೆಲ್ ಸುತ್ಕಂಡ್ರೆ ಗುರ್ತು ಸಿಗಲ್ಲ ಅನ್ಕಂಡ್ರಾ?"

ಮುಖ ಎಲ್ಲಿಟ್ಟುಕೊಳ್ಳುವುದೋ ತಿಳಿಯಲಿಲ್ಲ. "ಊರಿಗೊಂದು ಕಥೆ ಹೇಳ್ತೀಯಲ್ಲಪ್ಪ, ನಿಜವಾದ ಕಥೆ ಯಾವುದು?" ಎಂದೆ.

"ನಾನೆಲ್ಲಿ ಹೇಳ್ತೀನಿ ಸಾಮೀ? ಅವ್ರ ಮುಖ ನೋಡ್ತೀನಿ. ಅವ್ರಿಗೆ ಏನ್ ಕಾಣ್ತೈತೋ ಅದನ್ನ ಬಾಯಾಗೆ ಅಂದ್ಬುಡ್ತೀನಿ, ಅಷ್ಟೇ."

"ಮಧುಗಿರಿಯಲ್ಲಿ ಹಿರಣ್ಯಕಶಿಪು ಅಂದೆಯಲ್ಲ?"

"ಅಲ್ಲಿ ನಿಮ್ ಸಾಹೇಬ್ರು ಕುಂತಿದ್ರಲ್ಲ!" ಬೇವಿನಕಡ್ಡಿ ಬಾಯಿಂದ ತೆಗೆದು ಜೋರಾಗಿ ನಕ್ಕ. ಆಮೇಲೆ ನಗು ಇಳಿಯಿತು. "ನಿನ್ನೆ ಆ ತಾತ ಎದ್ದು ನಿಂತ್ನಲ್ಲ, ಆ ಕುರ್ಚಿ ಯಾರ್ದು ಅಂತ ಆತನಿಗೆ ತೆಲುಸು. ನನಗೆ ಗೊತ್ತಿಲ್ಲ. ನಾನೇನ್ ಹೇಳ್ಲಿ ಅಂತ ಸುಮ್ಕಾದೆ. ನೀವ್ ಬರ್ಕಳ್ರಿ ಬುಡ್ರಿ. ನಿಮ್ ಕೆಲ್ಸ ನೀವ್ ಮಾಡ್ಬೇಕಲ್ಲ."

ತಪ್ಪೆಂದು ಗೊತ್ತಿದ್ದೂ ಊರಿಗೆ ಬಂದ ಮೇಲೆ ಪುಸ್ತಕವನ್ನು ಮನೆಗೆ ಒಯ್ದೆ. ಮನೆಯಾಕೆ ಹುರುಳಿಯಲ್ಲಿ ಕಲ್ಲು ಆರಿಸುತ್ತ ಕೂತಿದ್ದಳು. ಕೊನೆಯ ಅಧ್ಯಾಯ ಗಟ್ಟಿಯಾಗಿ ಓದಿದೆ. ಬಾಗಿಲಿಲ್ಲದ ಮನೆಯಲ್ಲಿ ಹೆರಿಗೆ. ಹೆರಿಗೆ ಮಾಡಿಸಲು ಬಂದವಳು ಮೊದಲು ಕೆಂಡದ ಮೇಲೆ ಅಂಗೈ ಕಾಯಿಸಿಕೊಂಡು ಆಮೇಲೆ ಹೊಟ್ಟೆ ಮುಟ್ಟುತ್ತಾಳೆ. ಕತ್ತರಿ, ದಾರ ಎರಡನ್ನೂ ಕುದಿಸುತ್ತಾಳೆ. ಹೊಕ್ಕುಳಬಳ್ಳಿಯನ್ನು ಎರಡು ಕಡೆ ಕಟ್ಟಿ ನಡುವೆ ಕತ್ತರಿಸುತ್ತಾಳೆ.

"ಅದನ್ನ ಇನ್ನೊಂದ್ ಸಲ ಓದ್ರಿ," ಎಂದಳು.

ಓದಿದೆ.

"ಇದನ್ನ ಬರೆದಿದ್ದು ಗಂಡಸಲ್ಲ ಕಣ್ರೀ. ಕೈ ತಣ್ಣಗಿದ್ರೆ ಹೆಂಗಿರ್ತೈತೆ ಅಂತ ಗಂಡಸ್ರಿಗೇನು ಗೊತ್ತು? ನಮ್ ಕಡೆ ಸೂಲಗಿತ್ತೇರು ದಾರ ಕುದಿಸೋದೂ ಇಲ್ಲ. ಚನ್ನರಾಯನದುರ್ಗದಾಗೆ ನಮ್ಮಕ್ಕನ ಹೆರಿಗೆಗೆ ಕೊರಟಗೆರೆ ನರ್ಸಮ್ಮ ಬಂದಿದ್ರಲ್ಲ, ಅವರು ಇಂಗೇ ಮಾಡಿದ್ದು. ಕೆಂಡದ ಮ್ಯಾಲೆ ಕೈ ಕಾಯಿಸ್ಕಂಡ್ರು."

ಲಕೋಟೆಯ ಮೇಲಿನ ಕೊರಟಗೆರೆ ಮುದ್ರೆ ನೆನಪಾಯಿತು. ನನ್ನ ಮುಖ ನೋಡಿ ಅವಳು ಮೊರ ಕೆಳಗಿಟ್ಟಳು.

"ನೀವ್ ಬರೆದ್ರೆ ಅವರ ಕೆಲ್ಸ ಹೋಗ್ತೈತಾ?"

"ಸರ್ಕಾರಿ ಕೆಲಸ. ಹೋಗಬಹುದು."

"ಹೇಳಬಾರದಿತ್ತು ನಾನು," ಎಂದಳು. ಮೊರ ಎತ್ತಿಕೊಂಡು ಒಳಗೆ ಹೋದಳು.

ನಾನು ಕೊರಟಗೆರೆಗೆ ಹೋದದ್ದು ಕಚೇರಿಯ ಕೆಲಸದ ಮೇಲೋ, ನನ್ನ ಸಮಾಧಾನಕ್ಕೋ ಎಂದು ಈಗಲೂ ಖಚಿತವಿಲ್ಲ. ನರ್ಸಮ್ಮ ಆಸ್ಪತ್ರೆಯ ಹಿಂದಿನ ಜಗಲಿಯಲ್ಲಿ ಬಟ್ಟೆ ತುಂಡುಗಳನ್ನು ಹಬೆಯಾಡುವ ಪಾತ್ರೆಗೆ ಹಾಕುತ್ತಿದ್ದರು. ನಲವತ್ತೈದು ದಾಟಿದ್ದ ವಿಧವೆ. ಸಣ್ಣ ಮೈಕಟ್ಟು, ಗಟ್ಟಿ ಕೈ. ಪುಸ್ತಕವನ್ನು ತೋರಿಸಿದೆ. ಅವರು ಅಲ್ಲಗಳೆಯಲಿಲ್ಲ.

"ಓದಿದ್ರಾ?" ಎಂದರು.

"ನಾಲ್ಕು ಸಲ."

"ನಾಲ್ಕು ಸಲ!" ಮುಖ ಅರಳಿತು. ಆಮೇಲೆ ನಾನು ಯಾಕೆ ಬಂದೆನೆಂದು ಹೊಳೆದಿರಬೇಕು, ಸೆರಗಿಗೆ ಕೈ ಒರೆಸಿಕೊಂಡು ಕೂತರು.

"ಇದು ಯಾವ ಸರ್ಕಾರ ತಾಯಿ?" ಎಂದು ಕೇಳಿಯೇಬಿಟ್ಟೆ. "ಅದೊಂದನ್ನು ಹೇಳಿ. ಬಿಡಿಸಿ ಬಿಡಿಸಿ ನನ್ನ ತಲೆ ಕೆಟ್ಟಿದೆ."

ಅವರು ಹೇಳಿದ್ದು ತಮ್ಮ ಬಾಲ್ಯದ ಕಥೆ. ಪ್ಲೇಗು ಬಂದ ವರ್ಷ. ಸರ್ಕಾರದವರು ಮನೆ ಬಿಡಿಸಿ, ಊರ ಹೊರಗೆ ಗುಡಿಸಲಿಗೆ ಕಳಿಸಿ, ಒಳಗೆ ಬಿಸಿಲು ಬೀಳಲೆಂದು ಹೆಂಚು ತೆಗೆಸಿದರು. ಇವರ ಮನೆಯ ಬಾಗಿಲು ಹುಳ ಹಿಡಿದದ್ದು, ಅದನ್ನು ಸುಟ್ಟರು. "ಬಂದೋರು ಕೆಟ್ಟೋರಲ್ಲ. ಒಬ್ಬರು ನನಗೆ ಬೆಲ್ಲ ಕೊಟ್ರು. ನಮ್ಮ ಒಳ್ಳೇದಕ್ಕೇ ಮಾಡಿದ್ದು, ಅದರಿಂದ ಜನ ಉಳಿದ್ರು ಕೂಡ. ಆದ್ರೆ ನಮ್ಮಮ್ಮ ತಿರುಗಿ ಬಂದೋರು ಬಾಗಿಲಿಲ್ಲದ ಮನೆ ಮುಂದೆ ನಿಂತ್ಕಂಡು ಒಳಗೆ ಕಾಲಿಡ್ಲೇ ಇಲ್ಲ. ಬಾಗಿಲು ಸುಟ್ಟೋರನ್ನ ಬೈಯೋಣ ಅಂದ್ರೆ ಬೈಯೋಕೆ ಯಾರೂ ಇಲ್ಲ. ಈಗ ನಾನೇ ಮನೆಮನೆಗೆ ಹೋಗಿ ಇದನ್ನ ತೆಗೀರಿ, ಅದನ್ನ ಸುಡ್ರಿ ಅಂತೀನಿ. ಅದೂ ಒಳ್ಳೇದಕ್ಕೇ."

"ಡೇರೆಯ ಚಿತ್ರ ನೋಡಿದಿರಾ?"

"ನೋಡ್ದೆ. ಅದ್ರಲ್ಲಿ ಮೊದಲಿಂದ್ಲೇ ಆಳೋರು ಕೆಟ್ಟೋರು ಅಂತ ಗೊತ್ತಾಗ್ತೈತೆ. ಅಷ್ಟೆತ್ತರದ ಗೋಡೆ ಕಂಡ್ರೆ ಯಾರಿಗೆ ಗೊತ್ತಾಗಲ್ಲ? ಡೇರೇಲಿ ಎಲ್ಲಾರೂ ಒಟ್ಟಿಗೆ ಬೈದು ಎದ್ದು ಬರ್ತಾರೆ. ನನ್ನದನ್ನ ಒಬ್ಬೊಬ್ಬರೇ ಕೂತು ಓದ್ಬೇಕು." ಆಮೇಲೆ ಅವರೇ ಕೇಳಿದರು: "ನಿಮಗೆ ಓದ್ವಾಗ ಯಾರು ಕಂಡ್ರು?"

"ಪ್ರತಿ ತೆಗೆಯೋ ಗುಮಾಸ್ತ," ಎಂದೆ. ಸುಳ್ಳು ಹೇಳಲು ಬರಲಿಲ್ಲ.

ಅವರು ನಗಲಿಲ್ಲ. "ಬರೀರಿ ನನ್ನ ಹೆಸರು," ಎಂದರು. ಮರುಕ್ಷಣವೇ, "ಬೇಡ. ಈ ತಾಲ್ಲೂಕಲ್ಲಿ ಕತ್ತರಿ ಕುದಿಸಿ ಹಿಡಿಯೋಳು ನಾನೊಬ್ಬಳೇ. ಗೊರವನಹಳ್ಳೀಲಿ ಒಂದು ಚೊಚ್ಚಲು ಈ ವಾರದಾಗೆ ಆಗ್ಬೇಕು. ಏನ್ ಮಾಡ್ತೀರೋ ನನಗೆ ತಿಳೀದು," ಎಂದರು.

ವರದಿ ಬರೆಯಲು ಮೂರು ದಿನ ಹಿಡಿಯಿತು. ಎರಡೂ ಒಂದೇ ಕಥೆಯೋ ಎಂಬುದಕ್ಕೆ ‘ಅಲ್ಲ’ ಎಂದು ಬರೆಯುವುದು ಸುಲಭವಾಗಿತ್ತು. ಯಾವ ಸರ್ಕಾರ ಎಂಬಲ್ಲಿ ಪ್ರತಿ ಸಲ ನಿಂತೆ. ಮೂರನೆಯ ದಿನ ಹೊಡೆದು ಬರೆದು ಕೊಳಕಾಗಿದ್ದ ಹಾಳೆಯನ್ನು ಬದಿಗಿಟ್ಟು ಹೊಸ ಹಾಳೆಗೆ ಪ್ರತಿ ತೆಗೆದೆ. ಪುಸ್ತಕಕ್ಕೆ ಸಂಬಂಧಪಟ್ಟ ಮೂರನೆಯ ಕಲಮನ್ನು ಪೂರ್ತಿ ಖಾಲಿ ಬಿಟ್ಟೆ. ಹಾಗೆಯೇ ಸಾಹೇಬರ ಮುಂದೆ ಇಟ್ಟೆ.

"ಇದೇನ್ರೀ, ಖಾಲಿ?"

"ಸ್ವಾಮಿ, ಅಲ್ಲಿ ನಮ್ಮ ಸರ್ಕಾರ ಎಂದು ಬರೆಯಬೇಕಾದರೆ, ಈ ಪುಟದಲ್ಲಿರುವುದು ನಮ್ಮ ಸರ್ಕಾರದ ಹಾಗೆಯೇ ಇದೆ ಎಂದು ನಾನು ರುಜು ಹಾಕಿದ ಹಾಗೆ. ಮೇಲೆ ತಾವೂ ಹಾಕಬೇಕಾಗುತ್ತದೆ. ನನಗೆ ಧೈರ್ಯ ಬರಲಿಲ್ಲ."

ಸಾಹೇಬರು ಹಾಳೆಯನ್ನು ಬದಿಗಿಟ್ಟರು. ಪುಸ್ತಕ ತೆಗೆದುಕೊಂಡು, ನಾಳೆ ಬನ್ನಿ ಎಂದರು. ಎರಡು ದಿನ ಕರೆಯಲಿಲ್ಲ. ಮೂರನೆಯ ದಿನ, ರಾತ್ರಿಯೆಲ್ಲ ಓದಿದವರಂತೆ ಅವರ ಕಣ್ಣು ಕೆಂಪಗಿತ್ತು.

"ಅಪಾಯವಿಲ್ಲದ ಕಲ್ಪನೆ ಎಂದು ಬರೆಯಿರಿ," ಎಂದರು. ಪುಸ್ತಕ ಬರೆದವನು ಯಾರೆಂಬ ಪ್ರಶ್ನೆಗೆ ನಾನು ಕಾಯುತ್ತಿದ್ದೆ. ಅವರೇ, "ಕಲ್ಪನೆಗೆ ಕರ್ತೃವನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ," ಎಂದು ಕಾಗದ ಮಗುಚಿದರು. ಅವರಿಗೆ ಏನು ತಿಳಿದಿತ್ತೋ, ಏನು ತಿಳಿದಿರಲಿಲ್ಲವೋ.

ಬಿಡುಗಡೆಯಾಯಿತು ಎಂದುಕೊಂಡು ತಿರುಗಿದೆ. "ನಿಲ್ಲಿ, ಚಿತ್ರದ ವಿಷಯ ಮುಗಿದಿಲ್ಲ," ಎಂದರು. ನಾನು ಕೊಟ್ಟ ಮೂರು ಊರಿನ ಟಿಪ್ಪಣಿ ಅವರ ಕೈಯಲ್ಲಿತ್ತು. ನರ್ಸಮ್ಮನನ್ನು ಮರೆಮಾಡುವ ಗಾಬರಿಯಲ್ಲಿ ಕಥೆಗಾರನ ಒಂದೊಂದು ಮಾತನ್ನೂ ಪ್ರಾಮಾಣಿಕವಾಗಿ ಬರೆದುಕೊಟ್ಟಿದ್ದೆ. "ಪುಸ್ತಕ ಓದುವವರು ಈ ಸೀಮೆಯಲ್ಲಿ ಎಷ್ಟು ಜನ? ಡೇರೆಗೆ ಬರುವವರು ಎಷ್ಟು ಜನ? ಚಿತ್ರ ಬೇಕಾದರೆ ಓಡಲಿ. ಆದರೆ ಅವನು ಹೇಳುವ ಮಾತು ಮೊದಲೇ ಬರೆದು ಈ ಕಚೇರಿಯಲ್ಲಿ ಮಂಜೂರಾಗಬೇಕು. ಒಂದಕ್ಷರ ಆಚೀಚೆ ಆಗಕೂಡದು. ಅವನಿಗೆ ಬರೆಯಲು ಬಾರದಲ್ಲ, ನೀವೇ ಬರೆದುಕೊಡಿ."

ಬರೆದೆ. ಒಬ್ಬ ದುಷ್ಟ ದೊರೆ, ಒಂದು ದೂರದ ದೇಶ, ಕೊನೆಗೆ ದೇವರ ದಯೆ. ಸಾಹೇಬರು ಒಂದೇ ಓದಿಗೆ ರುಜು ಹಾಕಿದರು.

ಡೇರೆ ಮಧುಗಿರಿಗೆ ಮರಳಿದಾಗ ಕಥೆಗಾರನನ್ನು ಕೂರಿಸಿಕೊಂಡು ಮೂರು ಮಧ್ಯಾಹ್ನ ಬಾಯಿಪಾಠ ಮಾಡಿಸಿದೆ. ಬಯಲಾಟದ ನೆನಪು ಅವನದು. ಎರಡು ಸಲ ಹೇಳಿದರೆ ಸಾಕು, ಒಪ್ಪಿಸುತ್ತಿದ್ದ. ಬಯ್ಯುತ್ತಾನೆ ಎಂದು ಕಾದೆ. ಬಯ್ಯಲಿಲ್ಲ.

"ಚೆಂದಾಗೇ ಬರ್ದೀರಿ ಸಾಮೀ. ಒಂದೇ ಕೇಳ್ತೀನಿ. ಇದನ್ನ ಹೇಳ್ವಾಗ ನಾನು ಎತ್ಲಾಗೆ ನೋಡ್ಲಿ?"

"ಅಂದರೆ?"

"ಜನರ ಮುಖ ನೋಡಿದ್ರೆ ಬ್ಯಾರೆ ಮಾತು ಬಾಯಿಗೆ ಬಂದ್ಬುಡ್ತೈತೆ."

ಆ ಸಂಜೆ ಅವನು ಪರದೆಗೆ ಮುಖ ಮಾಡಿ, ಜನಕ್ಕೆ ಬೆನ್ನು ಕೊಟ್ಟು, ಒಂದಕ್ಷರ ತಪ್ಪದೆ ಒಪ್ಪಿಸಿದ. ಎರಡನೆಯ ಸುರುಳಿಯ ಹೊತ್ತಿಗೆ ಮಕ್ಕಳು ಅಳತೊಡಗಿದವು. ನಾಲ್ಕನೆಯದರಲ್ಲಿ ಜನ ಚಾಪೆ ಸುತ್ತಿಕೊಂಡು ಎದ್ದರು. "ಏನ್ಲಾ ಇದು, ಹೋದ್ ಸಲದ ಕಥೆ ಹೇಳ್ಲಾ!" ಎಂದು ಯಾರೋ ಕೂಗಿದರು. ಅವನು ತಿರುಗಲಿಲ್ಲ.

ಆಮೇಲೆ ಸಾಬರು ಯಂತ್ರ ಒರೆಸುತ್ತ, "ಅರೆ ಸಾಬ್, ನೀವು ಚಿತ್ರ ಬಂದ್ ಮಾಡಿದ್ರೆ ಜನ ದಸ್ ದಿನ ಅದರ ಮಾತೇ ಆಡ್ತಿದ್ರು. ಈಗ ಬಂದ್ ಮಾಡ್ಲಿಲ್ಲ, ಖತಂ ಮಾಡಿದ್ರಿ," ಎಂದರು.

ವಾರದೊಳಗೆ ಕಥೆಗಾರ ಕೆಲಸ ಬಿಟ್ಟ. ಅವನು ಪಾವಗಡದ ಮೋಟಾರು ಹತ್ತುವಾಗ ನಾನು ಬಸ್ ನಿಲ್ಲುವ ಜಾಗಕ್ಕೆ ಹೋಗಿದ್ದೆ. ಕ್ಷಮೆ ಕೇಳಬೇಕೆಂದಿದ್ದೆ. ಅವನೇ, "ಪಾವಗಡ ದಾಟಿದ್ರೆ ಮೂರು ಕಡೆ ಬ್ರಿಟಿಷ್ ಸೀಮೆ ಸಾಮೀ, ನಿಮ್ ಸಾಹೇಬ್ರ ಹುಕುಂ ಅಲ್ಲಿ ನಡೆಯಲ್ಲ. ಯಾರಾದ್ರೂ ಡೇರೆಯೋರು ಸಿಕ್ತಾರೆ," ಎಂದು ಗಂಟು ಮೇಲಕ್ಕೆಸೆದ. ಸಿಕ್ಕರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಓದಿದವಳನ್ನು, ಒಂದು ಪುಸ್ತಕ ಬರೆದವಳನ್ನು ಉಳಿಸಲು ನನಗೆ ಅಷ್ಟೆಲ್ಲ ಜಾಣತನ ಬಂತು. ಅಕ್ಷರ ಬಾರದವನ ಬಗ್ಗೆ ಅದರಲ್ಲಿ ಒಂದು ಚೂರೂ ಬರಲಿಲ್ಲ. ಇದು ಆಗ ತಿಳಿದದ್ದಲ್ಲ.

ಕೊರಟಗೆರೆಗೆ ಹೋಗಿ ನರ್ಸಮ್ಮನಿಗೆ ಸುದ್ದಿ ಮುಟ್ಟಿಸಿ ಬರೋಣ, ಅಷ್ಟಾದರೂ ಒಳ್ಳೆಯ ಕೆಲಸವಾಯಿತು ಎಂದುಕೊಂಡು ಒಂದು ಭಾನುವಾರ ಹೊರಟೆ. ಅವರು ಎಲ್ಲಿಗೋ ಹೊರಡುವ ಅವಸರದಲ್ಲಿದ್ದರು. ಆಸ್ಪತ್ರೆಯ ಮುಂದೆ ಕಮಾನು ಗಾಡಿ ಕಾಯುತ್ತಿತ್ತು. ಅದರ ಪಕ್ಕದಲ್ಲಿ ಒಬ್ಬ ರೈತ ಕೈ ಹಿಸುಕಿಕೊಳ್ಳುತ್ತ ನಿಂತಿದ್ದ.

"ನಿಮ್ಮ ಹೆಸರು ಎಲ್ಲೂ ಬರಲಿಲ್ಲ ತಾಯಿ. ಪುಸ್ತಕಕ್ಕೂ ಏನೂ ತೊಂದರೆಯಿಲ್ಲ. ಕಡತ ಮುಗಿಯಿತು," ಎಂದೆ.

ಅವರ ಕಣ್ಣಲ್ಲಿ ನೀರು ಬಂತು. ಎರಡು ಕೈಯೂ ಜೋಡಿಸಿದರು. ಆಮೇಲೆ ಚೀಲದ ಬಾಯಿ ಕಟ್ಟುತ್ತ, "ಏನಂತ ಬರೆದ್ರಿ?" ಎಂದು ಕೇಳಿದರು.

"ಅಪಾಯವಿಲ್ಲದ ಕಲ್ಪನೆ ಅಂತ."

ಕಟ್ಟುತ್ತಿದ್ದ ಕೈ ನಿಂತಿತು.

"ಅಪಾಯವಿಲ್ಲ ಅಂತ ಬರೆದುಬಿಟ್ರಾ?"

"ನಿಮ್ಮನ್ನು ಉಳಿಸಲು ತಾಯಿ..."

"ಅದು ಗೊತ್ತು." ಅವರು ನನ್ನನ್ನು ನೋಡಲಿಲ್ಲ. "ಆರು ವರ್ಷ ಬರೆದೆ ಸ್ವಾಮಿ ಅದನ್ನ."

ಗಾಡಿಯ ಹತ್ತಿರದ ರೈತ, "ಅಮ್ಮಾ, ಹೊತ್ತಾಯ್ತದೆ ಕಣಮ್ಮ," ಎಂದು ಕೂಗಿದ. ನರ್ಸಮ್ಮ ಚೀಲ ಎತ್ತಿಕೊಂಡು ಹೋಗಿ ಗಾಡಿ ಹತ್ತಿದರು. ನಾನು ಮಧುಗಿರಿಯ ಮೋಟಾರು ಬರುವವರೆಗೂ ಆಸ್ಪತ್ರೆಯ ಜಗಲಿಯ ಮೇಲೆಯೇ ಕೂತಿದ್ದೆ.